ಸಂದೂಕದ ಮೇಲೆ ಕೂತವರು

ನಮ್ಮ ಮನೆಯಲ್ಲಿ ಹೊಡೆತಕ್ಕೆ ಒಂದು ಗಡಿ ಇತ್ತು. ನಡುಮನೆಯ ಗೋಡೆಗೆ ಹತ್ತಿಸಿ ಇಟ್ಟ ದೊಡ್ಡ ಪೆಟ್ಟಿಗೆಯೇ ಆ ಗಡಿ. ಅದರ ಮೇಲೆ ಕೂತವರನ್ನು ಯಾರೂ ಹೊಡೆಯುವಂತಿರಲಿಲ್ಲ. ಅದರಿಂದ ಒಂದು ಗೇಣು ಈಚೆ ನಿಂತವರನ್ನು ಹೊಡೆಯಬಹುದಿತ್ತು. ಇದನ್ನು ಯಾರೂ ನನ್ನನ್ನು ಕೂಡಿಸಿಕೊಂಡು ಕಲಿಸಲಿಲ್ಲ. ಅಡುಗೆಮನೆಯ ಬಾಗಿಲು ದಾಟುವಾಗ ತಲೆ ಬಗ್ಗಿಸಬೇಕು, ಒಲೆಯ ಮುಂದೆ ಲಂಗ ಒಟ್ಟು ಮಾಡಿಕೊಂಡು ಕೂಡಬೇಕು ಎಂದು ಕಲಿತ ಹಾಗೆ ಇದನ್ನೂ ಕಲಿತೆ. ಎಲ್ಲರ ಮನೆಯಲ್ಲೂ ಇಂಥದೊಂದು ಪೆಟ್ಟಿಗೆ ಇರುತ್ತದೆ ಎಂದೇ ಬಹಳ ದಿನ ತಿಳಿದಿದ್ದೆ. ಶಾಲೆಯ ಗೆಳತಿಯೊಬ್ಬಳ ಅವ್ವನ ಕಣ್ಣು ಊದಿದ್ದನ್ನು ನೋಡಿ, ನಿಮ್ಮವ್ವ ಯಾಕೆ ಸಂದೂಕದ ಮೇಲೆ ಕೂಡಲಿಲ್ಲ ಎಂದು ಕೇಳಿದೆನಂತೆ. ಕೇಳಿದೆನಂತೆ ಎಂದು ಬರೆಯುತ್ತಿದ್ದೇನೆ, ಯಾಕೆಂದರೆ ಇದು ಅಣ್ಣ ಹೇಳಿದ್ದು. ನನಗೆ ಆ ಊದಿದ ಕಣ್ಣು ನೆನಪಿದೆ, ನನ್ನ ಪ್ರಶ್ನೆ ನೆನಪಿಲ್ಲ.

ನಾವು ಅದನ್ನು ಮಿಸ್ಸಮ್ಮನ ಸಂದೂಕ ಎನ್ನುತ್ತಿದ್ದೆವು. ಹಡಗಿನಲ್ಲಿ ವಾರಗಟ್ಟಲೆ ಪ್ರಯಾಣ ಮಾಡುವವರಿಗಾಗಿ ಯಾವುದೋ ದೂರದ ದೇಶದಲ್ಲಿ ಮಾಡಿದ್ದು. ಒಂದರ ಮೇಲೊಂದು ಪೇರಿಸಲು ಬರಲಿ ಎಂದು ಅದರ ಮುಚ್ಚಳ ಚಪ್ಪಟೆಯಾಗಿತ್ತು. ಕಟ್ಟಿಗೆಯ ಮೈಗೆ ದಪ್ಪ ಕ್ಯಾನ್ವಾಸು, ಅದಕ್ಕೆ ಕಪ್ಪು ಬಣ್ಣ, ಬಣ್ಣದ ಮೇಲೆ ಉದ್ದುದ್ದ ಕಟ್ಟಿಗೆಯ ಪಟ್ಟಿಗಳು, ಮೂಲೆಗಳಿಗೆ ಹಿತ್ತಾಳೆ. ಎರಡು ಬದಿಗೂ ಚರ್ಮದ ಹಿಡಿಕೆಗಳಿದ್ದವು. ಒಂದು ಹರಿದುಹೋಗಿ ಅದರ ಜಾಗದಲ್ಲಿ ಬಾವಿಯ ಹಗ್ಗ ಬಂದಿತ್ತು. ಒಳಗೆ ನೀಲಿ ಹೂವಿನ ಕಾಗದ ಹಚ್ಚಿದ್ದರು. ಮುಂಬದಿಯಲ್ಲಿ ಹಡಗಿನವರು ಅಂಟಿಸಿದ ಚೀಟಿ ಇತ್ತು. ಅದರಲ್ಲಿ ಅರ್ಧ ಹರಿದ ಹಡಗು, ಹೊಗೆಕೊಳವೆ, ಹೊಗೆ, ಕೆಳಗೆ ದಪ್ಪ ಇಂಗ್ಲಿಷ್ ಅಕ್ಷರಗಳಲ್ಲಿ ‘ಪ್ರಯಾಣದಲ್ಲಿ ಬೇಕಾಗಿಲ್ಲ’ ಎಂಬ ಮಾತು. ಕೋಣೆಗೆ ಒಯ್ಯದೆ ಹಡಗಿನ ತಳದಲ್ಲಿ ತುಂಬಬೇಕಾದ ಸಾಮಾನಿಗೆ ಹಾಗೆ ಚೀಟಿ ಹಚ್ಚುತ್ತಿದ್ದರು ಎಂದು ನನಗೆ ತಿಳಿದದ್ದು ಕಾಲೇಜಿಗೆ ಹೋದ ಮೇಲೆ. ಅದಕ್ಕೂ ಮೊದಲು ಆ ಅಕ್ಷರಗಳನ್ನು ನಾನು ನೋಡುತ್ತಿದ್ದದ್ದು ಅವ್ವನ ಎರಡು ಕಾಲುಗಳ ನಡುವೆ.

ಅವ್ವ ಹೋದ ಮೇಲೆ ಸಂದೂಕ ಮೈಲೂರಿನ ನನ್ನ ಮನೆಗೆ ಬಂತು. ಮೇಲೆ ಹಾಸಿಗೆ ಪೇರಿಸಿಟ್ಟಿದ್ದೆ. ಈಚೆಗೆ ಔರಾದಿನಿಂದ ಅಣ್ಣ ಫೋನು ಮಾಡಿದ. ಅವನ ಮಗ ಆನಂದನ ಮದುವೆ ಗೊತ್ತಾಗಿತ್ತು. ಹುಡುಗಿ ಕಮಠಾಣದವಳು, ನರ್ಸ್.

“ಸರೂ, ಸಂದೂಕ ಕಳಿಸು. ಸೊಸಿನ ಅದರ ಮ್ಯಾಲ ಕೂಡಿಸಬೇಕು.”

“ಯಾಕಣ್ಣಾ?”

“ಯಾಕ ಅಂದ್ರ? ನಮ್ಮ ಮನಿ ರೀತಿ ಅದ. ಗೊತ್ತಿಲ್ಲದವರಂಗ ಕೇಳಬ್ಯಾಡ.”

ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಕೇಳಿದ್ದೆ. ಅಣ್ಣ ಮುಖ್ಯೋಪಾಧ್ಯಾಯನಾಗಿ ನಿವೃತ್ತನಾದವನು. ಜೀವನದಲ್ಲಿ ಒಬ್ಬ ಹುಡುಗನ ಮೇಲೂ ಛಡಿ ಎತ್ತಲಿಲ್ಲ ಎಂದು ಅವನ ಶಿಷ್ಯರು ಹೇಳುತ್ತಾರೆ. ಅಂಥವನಿಗೆ ಆ ಸಂದೂಕ ಅವ್ವನನ್ನು ಉಳಿಸಿದ ದೇವರ ಸಾಮಾನು. ನನಗೆ ಅದು ಅವ್ವನನ್ನು ಆ ಮನೆಯಲ್ಲೇ ಕಟ್ಟಿಹಾಕಿದ ಗೂಟ. ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿ, ಒಂದೇ ನಡುಮನೆಯಲ್ಲಿ ನಡುಗಿದ ನಾವಿಬ್ಬರು ಈ ವಿಷಯದಲ್ಲಿ ಎಂದೂ ಒಂದಾಗಿಲ್ಲ.

ಆ ರೀತಿಯನ್ನು ಹಾಕಿಕೊಟ್ಟವಳು ಅಪ್ಪನ ತಾಯಿ, ನಮ್ಮ ಆಯಿ. ಚಿಕ್ಕ ವಯಸ್ಸಿನಲ್ಲಿ ಅವಳು ಬೀದರಿನಲ್ಲಿ ಒಬ್ಬ ಮಿಸ್ಸಮ್ಮನ ಬಂಗಲೆಯಲ್ಲಿ ಅಡುಗೆಗಿದ್ದಳು. ಮಿಸ್ಸಮ್ಮ ಹಡಗಿನಲ್ಲಿ ಮುಂಬಯಿಗೆ ಬಂದು, ಅಲ್ಲಿಂದ ರೈಲು, ರೈಲಿನಿಂದ ಎತ್ತಿನ ಗಾಡಿ ಎಂದು ಸಂದೂಕ ಹೊರಿಸಿಕೊಂಡು ಬಂದವಳು. ಮಿಶನ್ ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಓದು ಹೇಳುತ್ತಿದ್ದಳು. ನಮ್ಮ ಅಜ್ಜ ಕುಡಿದು ಬಂದು ಆಯಿಯನ್ನು ಬಂಗಲೆಯ ಹಿತ್ತಿಲಲ್ಲೇ ಒನಕೆಯಿಂದ ಬಡಿಯುತ್ತಿದ್ದನಂತೆ. ಒಂದು ದಿನ ಮಿಸ್ಸಮ್ಮ ಹೊರಗೆ ಬಂದು, ಆಯಿಯ ರಟ್ಟೆ ಹಿಡಿದು ಎಳೆದೊಯ್ದು, ಪಡಸಾಲೆಯಲ್ಲಿದ್ದ ಈ ಸಂದೂಕದ ಮೇಲೆ ಕೂಡಿಸಿ, ಇದು ನನ್ನ ದೇಶದ ನೆಲ, ಇದರ ಮೇಲೆ ಕೂತವಳನ್ನು ಮುಟ್ಟಿ ನೋಡು ಎಂದು ಅಜ್ಜನಿಗೆ ತನ್ನ ಹರುಕುಮುರುಕು ಕನ್ನಡದಲ್ಲಿ ಹೇಳಿದಳಂತೆ. ಅಜ್ಜ ಮುಟ್ಟಲಿಲ್ಲ. ಆಯಿ ಈ ಕತೆಯನ್ನು ಹೇಳಿದಾಗೆಲ್ಲ ಮಿಸ್ಸಮ್ಮನ ಕೈಯಲ್ಲಿ ಬೇರೆ ಬೇರೆ ಸಾಮಾನು ಇರುತ್ತಿತ್ತು. ಒಮ್ಮೆ ಕೊಡೆ, ಒಮ್ಮೆ ಕಂದೀಲು, ಒಮ್ಮೆ ಬೈಬಲ್ಲು. ಹೀಗಾಗಿ ಇದನ್ನು ಎಷ್ಟು ನಂಬಬೇಕೋ ನನಗೆ ತಿಳಿಯದು. ಒಂದು ಮಾತು ಮಾತ್ರ ಎಂದೂ ಬದಲಾಗಲಿಲ್ಲ. ಮಿಸ್ಸಮ್ಮ ಕಾಯಂ ಆಗಿ ತನ್ನ ದೇಶಕ್ಕೆ ಹೊರಟಾಗ ಆಯಿಗೆ ಹೊಲಿಗೆಯಂತ್ರ ಕೊಡುತ್ತೇನೆ ಎಂದಳಂತೆ. ಆಯಿ ಬೇಡವೆಂದು ಸಂದೂಕ ಕೇಳಿದಳು. ಮಿಸ್ಸಮ್ಮ ತನ್ನ ಸಾಮಾನನ್ನು ಗೋಣಿಚೀಲಕ್ಕೆ ತುಂಬಿಕೊಂಡು ಹೋದಳು.

ಮುಂದೆ ಆಯಿ ಅದನ್ನು ಮನೆತನದ ರೀತಿ ಮಾಡಿದಳು. ಸೊಸೆಯಾಗಿ ಬಂದವಳನ್ನು ಮೊದಲು ಸಂದೂಕದ ಮೇಲೆ ಕೂಡಿಸಬೇಕು. ಬಾಯಿಗೆ ಸಕ್ಕರೆ ಹಾಕಬೇಕು. ಆಮೇಲೆ ಮದುಮಗ ಮುಚ್ಚಳದ ಮೇಲೆ ಅಂಗೈ ಊರಿ, ಇದರ ಮೇಲೆ ಕೂತಾಗ ಈಕೆಯ ಮೇಲೆ ಕೈ ಎತ್ತುವುದಿಲ್ಲ ಎಂದು ಹಿರಿಯರೆದುರು ಹೇಳಬೇಕು. ಅವ್ವ ಭಾಲ್ಕಿಯಿಂದ ಬಂದಾಗ ಅಪ್ಪ ಹಾಗೆಯೇ ಹೇಳಿದನಂತೆ. ಬೀಗರು ಸುತ್ತ ನಿಂತು ಕಣ್ಣೊರೆಸಿಕೊಂಡರು. ಎಷ್ಟು ಒಳ್ಳೆಯ ಮನೆ, ಹೊಡೆಯುವುದಿಲ್ಲ ಎಂದು ಎಲ್ಲರೆದುರು ಮಾತು ಕೊಡುತ್ತಾರೆ ಎಂದು ಸಂತೋಷಪಟ್ಟರು. ಉಳಿದ ಜಾಗದಲ್ಲಿ ಏನು ಎಂದು ಅಲ್ಲಿ ಯಾರಿಗೂ ಹೊಳೆಯಲಿಲ್ಲ. ಅವ್ವನಿಗೂ ಹೊಳೆಯಲಿಲ್ಲ. ಬಾಯಲ್ಲಿ ಸಕ್ಕರೆ ಇತ್ತು ನೋಡು ಎಂದು ಮುದುಕಿಯಾದ ಮೇಲೆ ನಗುತ್ತಿದ್ದಳು.

ಅಪ್ಪ ಬೀದರಿನ ಒಂದು ದವಾಖಾನೆಯಲ್ಲಿ ಕಂಪೌಂಡರನಾಗಿದ್ದ. ಅವನು ಕಟ್ಟಿದ ಪಟ್ಟಿ ಎಂದೂ ಸಡಿಲಾಗುತ್ತಿರಲಿಲ್ಲ ಎಂದು ರೋಗಿಗಳು ಹೊಗಳುತ್ತಿದ್ದರು. ಬೆರಳುಗಳು ಉದ್ದ, ಉಗುರು ಸ್ವಚ್ಛ, ಮೈಯಿಂದ ಯಾವಾಗಲೂ ಸ್ಪಿರಿಟಿನ ವಾಸನೆ. ನಮ್ಮ ಮನೆಯ ಕೆಂಪು ಜಂಬಿಟ್ಟಿಗೆಯ ಗೋಡೆಗಳಿಗೂ ಆ ವಾಸನೆ ಹಿಡಿದಿತ್ತೋ, ಅಥವಾ ಭಯದಿಂದ ನನ್ನ ಮೂಗೇ ಅದನ್ನು ಎಲ್ಲೆಡೆ ಹುಡುಕುತ್ತಿತ್ತೋ ಹೇಳಲಾರೆ. ಅವನು ಕುಡಿಯುತ್ತಿರಲಿಲ್ಲ. ಇದನ್ನು ಬರೆಯಲೇಬೇಕು, ಯಾಕೆಂದರೆ ಕುಡುಕನಾಗಿದ್ದರೆ ನಮಗೆ ಸುಲಭವಾಗುತ್ತಿತ್ತು; ಸೀಸೆಯನ್ನು ಬೈಯಬಹುದಿತ್ತು. ಅಪ್ಪ ಕೈಕಾಲು ತೊಳೆದು, ಪ್ರಾರ್ಥನೆ ಮಾಡಿ, ಊಟಕ್ಕೆ ಕೂತು, ರೊಟ್ಟಿಯ ಅಂಚು ಮುರಿದು ನೋಡುತ್ತಿದ್ದ. ಅಂಚು ಹಸಿಯಾಗಿದ್ದರೆ ತಾಟನ್ನು ಮೆಲ್ಲಗೆ ಪಕ್ಕಕ್ಕೆ ಸರಿಸುತ್ತಿದ್ದ. ಆ ತಾಟು ನೆಲಕ್ಕೆ ಉಜ್ಜುವ ಸದ್ದಿಗೆ ನಾನು ಇವತ್ತೂ ಬೆನ್ನು ಸೆಟೆಸುತ್ತೇನೆ.

ಒಂದು ಮಧ್ಯಾಹ್ನ ಪುಂಡಿಪಲ್ಯಕ್ಕೆ ಉಪ್ಪು ಹೆಚ್ಚಾಗಿತ್ತು. ಅಥವಾ ಅಂದು ಅವ್ವ ಭಾಲ್ಕಿಗೆ ಹೋಗುವ ಮಾತು ಎತ್ತಿದ್ದಳು. ಎರಡು ದಿನಗಳು ನನ್ನ ತಲೆಯಲ್ಲಿ ಒಂದಾಗಿರಬಹುದು. ತಾಟು ಸರಿಯಿತು. ಅವ್ವ ಅಡುಗೆಮನೆಯಿಂದ ನಡುಮನೆಗೆ ಓಡಿದಳು. ಅಪ್ಪ ಅವಳ ಹಿಂಜಡೆ ಹಿಡಿದು ಜಗ್ಗಿದ. ಅವಳು ಹಿಂದಕ್ಕೆ ಬಿದ್ದಳು, ತಲೆ ಬಾಗಿಲ ಹೊಸ್ತಿಲಿಗೆ ಬಡಿಯಿತು. ಅಲ್ಲೇ ಅಪ್ಪ ಅವಳ ಕಿವಿಯ ಮೇಲೆ ಅಂಗೈ ಬಿಚ್ಚಿ ಹೊಡೆದ. ಮತ್ತೆ ಹೊಡೆದ. ಅಣ್ಣ ನಡುವೆ ಹೋದ. ಅವನನ್ನು ಎತ್ತಿ ಒಗೆದ ರಭಸಕ್ಕೆ ಬೀಸುಕಲ್ಲಿಗೆ ಅವನ ಹೆಗಲು ತಾಗಿ ಎಲುಬು ಮುರಿದ ಸದ್ದು ಕೇಳಿಸಿತು. ಒಣ ಕಟ್ಟಿಗೆಯ ಸದ್ದು. ಅಪ್ಪ ಅತ್ತ ತಿರುಗಿದ ಒಂದು ಕ್ಷಣದಲ್ಲಿ ಅವ್ವ ಅಂಬೆಗಾಲಿನಲ್ಲಿ ಹೋಗಿ ಸಂದೂಕ ಹತ್ತಿದಳು. ಹತ್ತಿ ಕೂತು ಸೆರಗು ಸರಿಮಾಡಿಕೊಂಡಳು. ಅಪ್ಪ ಎತ್ತಿದ ಕೈಯನ್ನು ಇಳಿಸಿದ. ಅವನ ಉಸಿರು ಕೂಡ ಮೆಲ್ಲಗಾಯಿತು. ಯಾರೋ ಕೀಲಿ ತಿರುವಿದ ಹಾಗೆ.

ಆಮೇಲೆ ಅವನು ಔಷಧದ ಡಬ್ಬಿ ತಂದು ಅಣ್ಣನ ತೋಳನ್ನು ಎದೆಗೆ ಕಟ್ಟಿದ, ಬಹಳ ಅಂದವಾಗಿ. ಸಂದೂಕದ ಮೇಲೆ ಕೂತಿದ್ದ ಅವ್ವನ ಬಳಿಗೆ ಹೋಗಿ, ತಲೆ ವಾಲಿಸು ಎಂದು, ರಕ್ತ ಬರುತ್ತಿದ್ದ ಕಿವಿಗೆ ಹತ್ತಿ ಇಟ್ಟ. ಅವ್ವ ತಲೆ ವಾಲಿಸಿದಳು. ಆ ಕಿವಿಗೆ ಮುಂದೆ ಎಂದೂ ಸರಿಯಾಗಿ ಕೇಳಿಸಲಿಲ್ಲ. ನಂತರ ಅಪ್ಪ ಎದುರಿಗೆ ಬಾಜು ಮಂಚ ಎಳೆದುಕೊಂಡು ಕೂತ. ಅವನಿಗೆ ಕೋಪ ಇಳಿದಿರಲಿಲ್ಲ, ಅವನು ಕಾಯುತ್ತಿದ್ದ.

“ಒಮ್ಮೆ ಇಳಿತೀಯಲ್ಲ.”

ಇಷ್ಟೇ ಅವನ ಮಾತು. ಅವನು ಕೆಲಸಕ್ಕೆ ಹೊರಡುವವರೆಗೂ ಅವ್ವ ಇಳಿಯುವಂತಿರಲಿಲ್ಲ. ಅವನಿಗೆ ರಜೆ ಇದ್ದ ದಿನ ಅದು ಬಹಳ ಹೊತ್ತು ನಡೆಯುತ್ತಿತ್ತು. ನಾವು ಅವಳ ಕಾಲ ಬಳಿ ಕೂತು ಮಗ್ಗಿ ಬರೆಯುತ್ತಿದ್ದೆವು. ಆಯಿ ಅಲ್ಲಿಗೇ ರೊಟ್ಟಿ ತಂದುಕೊಡುತ್ತಿದ್ದಳು. ಹೊರಗೆ ಹೋಗುವ ಅವಸರವಾದರೆ ಆಯಿ ಒಂದು ದುಪ್ಪಟಿ ಅಡ್ಡ ಹಿಡಿದು, ದವಾಖಾನೆಯ ಹಳೆಯ ಬಿಳಿ ಪಾತ್ರೆಯನ್ನು ಸಂದೂಕದ ಮೇಲೇ ಇಡುತ್ತಿದ್ದಳು. ಅಪ್ಪ ಆಗ ಮುಖ ತಿರುಗಿಸುತ್ತಿದ್ದ. ಅವನು ನಾಚಿಕೆಯ ಮನುಷ್ಯ. ಆಯಿಯೂ ಮೆತ್ತಗಿನವಳಲ್ಲ. ಸಿಟ್ಟು ಬಂದರೆ ಅವ್ವನಿಗೆ ಇಕ್ಕಳದಿಂದ ಬಡಿಯುತ್ತಿದ್ದಳು, ನನ್ನ ತೊಡೆಯ ಮೇಲೆ ಅವಳು ಚಿವುಟಿದ ಗುರುತು ಆರುತ್ತಲೇ ಇರಲಿಲ್ಲ. ಆದರೆ ಅಪ್ಪನ ತಾಟು ಸರಿದ ಕೂಡಲೇ ‘ಓಡು’ ಎಂದು ಮೊದಲು ಪಿಸುಗುಡುತ್ತಿದ್ದವಳು ಅವಳೇ.

ಅಣ್ಣನ ಎಲುಬು ಮುರಿದ ಸುದ್ದಿ ಹೇಗೋ ಭಾಲ್ಕಿಗೆ ಮುಟ್ಟಿ ಮಾಮಾ ಬಂದ. ಅವ್ವನ ಹಿರಿಯಣ್ಣ, ಎತ್ತರದ ಆಳು, ಕೈಯಲ್ಲಿ ಬಡಿಗೆ ಇತ್ತು. ತಂಗಿಯನ್ನು ಕರೆದುಕೊಂಡೇ ಹೋಗುವುದೆಂದು ಬಂದಿದ್ದ. ನಾನು ನನ್ನ ಲಂಗಗಳನ್ನು ಚೀಲಕ್ಕೆ ತುಂಬಿಕೊಂಡು ಬಾಗಿಲಲ್ಲಿ ನಿಂತಿದ್ದೆ. ಈ ನೆನಪು ನನ್ನದೇ, ಯಾರೂ ಕೊಟ್ಟದ್ದಲ್ಲ. ಅಪ್ಪ ಮಾಮನಿಗೆ ಚಹಾ ಕೊಡಿಸಿ, ತಾನು ಕಂಪೌಂಡರನ ಅಂಗಿಯಲ್ಲೇ ಎದುರು ಕೂತು, ತಪ್ಪೇನು ಎಂದು ನಿಜವಾಗಿ ಅಚ್ಚರಿಪಟ್ಟವನಂತೆ ಹೇಳಿದ.

“ನೀವೇ ಕೇಳ್ರಿ ಅಕಿಗೆ. ಸಂದೂಕದ ಮ್ಯಾಲ ಕುಂತಾಗ ಎಂದರ ಮುಟ್ಟೀನೇನು? ಕೊಟ್ಟ ಮಾತು ತಪ್ಪೀನೇನು?”

ಮಾಮಾ ಅವ್ವನ ಕಡೆ ನೋಡಿದ. ಅವ್ವ ಇಲ್ಲವೆಂದು ತಲೆಯಾಡಿಸಿದಳು. ಅದು ಸತ್ಯವೇ ಆಗಿತ್ತು. ಮಾಮಾ ಬಡಿಗೆಯನ್ನು ಮೂಲೆಗಿಟ್ಟು ಚಹಾ ಕುಡಿದ.

“ಹಂಗಾದ್ರ ಲಗೂ ಹೋಗಿ ಕುಂಡ್ರು ಶಾಂತಾ. ಎದುರು ಮಾತಾಡ್ಕೋತ ಯಾಕ ನಿಲ್ತಿ?”

ಹೀಗೆ ಹೇಳಿ ಅವನು ಮಧ್ಯಾಹ್ನದ ಬಸ್ಸಿಗೆ ಹೊರಟುಹೋದ. ತಪ್ಪು ಹೊಡೆಯುವವನ ಕೈಯಿಂದ ಕಳಚಿ ಓಡುವವಳ ಕಾಲಿಗೆ ಬಂದು ಸೇರಿತ್ತು. ಓಣಿಯವರಿಗೂ, ಚರ್ಚಿನ ಸಭಾಪಾಲಕರಿಗೂ ಸಂದೂಕದ ವಿಷಯ ಗೊತ್ತಿತ್ತು. ಅದಿದೆಯಲ್ಲ ಎಂದು ಎಲ್ಲರೂ ನೆಮ್ಮದಿಯಾಗಿದ್ದರು. ನಾನು ಲಂಗಗಳನ್ನು ಚೀಲದಿಂದ ತೆಗೆದು ಮಡಚಿಟ್ಟೆ.

ಆಯಿ ಜ್ವರದಲ್ಲಿ ಸತ್ತಳು. ಅವಳು ಇರುವವರೆಗೆ ರೀತಿಗೆ ಒಬ್ಬ ಕಾವಲುಗಾರ್ತಿ ಇದ್ದಳು; ಅವಳನ್ನು ಮಣ್ಣು ಮಾಡಿ ಬಂದ ಮೇಲೆ ಅಪ್ಪ ಸಂದೂಕವನ್ನು ಬೇರೆ ಥರ ನೋಡತೊಡಗಿದ. ಹಾದುಹೋಗುವಾಗ ಕಾಲಿನಿಂದ ಒದ್ದು ನೋಡುತ್ತಿದ್ದ. ಅಷ್ಟರಲ್ಲಿ ನಮ್ಮ ಕಾಕಾನ ಮದುವೆ ನಿಶ್ಚಯವಾಯಿತು. ಕಾಕಾ ಎಂದರೆ ಅಪ್ಪನ ತಮ್ಮ. ಔರಾದಿನ ಆಚೆ ಎಕಂಬಾದಲ್ಲಿ ಹೊಲ ನೋಡಿಕೊಂಡಿದ್ದ. ಅವನ ಹೆಂಡತಿಯನ್ನೂ ಸಂದೂಕದ ಮೇಲೆ ಕೂಡಿಸಬೇಕಲ್ಲ. ಬೀದರಿಗೆ ಕರೆತಂದು ಇಲ್ಲೇ ಕೂಡಿಸಲಿ ಎಂದು ಅವ್ವ ಹೇಳಿದಳು. ಸಂದೂಕ ಎಕಂಬಾಕ್ಕೆ ಹೋಗುತ್ತದೆ, ಹೋದದ್ದು ಅಲ್ಲೇ ಇರುತ್ತದೆ, ಹೊಸ ಸೊಸೆಗೆ ಬೇಕಾಗುತ್ತದೆ ಎಂದು ಅಪ್ಪ ಹೇಳಿದ. ಅವನು ಇದನ್ನು ರೊಟ್ಟಿ ಮುರಿಯುತ್ತ, ಸಮಾಧಾನವಾಗಿ ಹೇಳಿದ. ಅವ್ವನ ಕೈಯಲ್ಲಿದ್ದ ಹಿಟ್ಟು ಒಣಗುವವರೆಗೂ ಅವಳು ಹಾಗೇ ಕೂತಿದ್ದಳು. ಮಕ್ಕಳಾದ ನಮಗೂ ಅದರ ಅರ್ಥ ಗೊತ್ತಿತ್ತು. ಇನ್ನು ಮೇಲೆ ಇಡೀ ಮನೆಯೇ ಅವಳು ಹೊಡೆತ ತಿಂದ ಆ ಹೊಸ್ತಿಲಾಗುತ್ತದೆ.

ಕಾಕಾ ಟ್ರ್ಯಾಕ್ಟರ್ ತೆಗೆದುಕೊಂಡು ಬಂದ ದಿನ ಬೆಳಿಗ್ಗೆಯೇ ಅವ್ವ ಸಂದೂಕದ ಮೇಲೆ ಕೂತಿದ್ದಳು. ಯಾರೂ ಹೊಡೆದಿರಲಿಲ್ಲ. ಯಾರೂ ಬೆನ್ನಟ್ಟದೆ ಅವಳು ಅಲ್ಲಿ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಕಾಕಾ ಬಾಗಿಲಲ್ಲಿ ನಿಂತು, ಹಗ್ಗವನ್ನು ಕೈಗೆ ಸುತ್ತಿಕೊಳ್ಳುತ್ತ ನಕ್ಕ.

“ವೈನಿ, ನಿಮಗೂ ಎಕಂಬಾಕ್ಕ ಬರೋದದ ಏನ್ರಿ? ಕುಂತಂಗೇ ಟ್ರಾಲಿಗಿ ಹಾಕ್ತೀನಿ.”

ಅವ್ವ ಅವನ ಕಡೆ ನೋಡಲಿಲ್ಲ. ಅಪ್ಪನನ್ನು ನೋಡಿ ಹೇಳಿದಳು.

“ಬರೋ ಅಕಿಗೆ ಬೇಕು ಅಂತೀರಿ. ನನಗ ಬ್ಯಾಡೇನ್ರಿ?”

“ಇಳಿ.”

“ಇಳಿಯಂಗಿಲ್ಲ.”

ಅಪ್ಪ ಹಿತ್ತಿಲಿಗೆ ಹೋದ. ಕಟ್ಟಿಗೆ ಒಡೆಯುವ ಕೊಡಲಿ ಹಿಡಿದುಕೊಂಡು ಬಂದ. ಇಲ್ಲಿಂದ ಮುಂದೆ ನಾನು ಬಹಳ ಜೋಪಾನವಾಗಿ ಬರೆಯಬೇಕು. ನಾನು ಅಡುಗೆಮನೆಯ ಬಾಗಿಲಿಗೆ ಆತುಕೊಂಡಿದ್ದೆ. ಅಣ್ಣ ಸಂದೂಕದ ಹತ್ತಿರವೇ ಇದ್ದ, ಹಗ್ಗದ ಹಿಡಿಕೆ ಹಿಡಿದುಕೊಂಡು. ಅಪ್ಪ ಕೊಡಲಿ ಎತ್ತಿದ. ಅವ್ವ ಕಣ್ಣು ಮುಚ್ಚಲಿಲ್ಲ. ಏಟು ಅವಳ ತೊಡೆಯ ಪಕ್ಕ, ಮುಚ್ಚಳದ ಕಟ್ಟಿಗೆಪಟ್ಟಿಯ ಮೇಲೆ ಬಿತ್ತು. ಸೀರೆಯ ನೆರಿಗೆ ಕತ್ತರಿಸಿ ಕಟ್ಟಿಗೆಯ ಒಳಗೆ ಹೊಕ್ಕಿತು. ಅಪ್ಪ ಮಾತು ತಪ್ಪಲಿಲ್ಲ. ಅವಳನ್ನು ಮುಟ್ಟಲಿಲ್ಲ, ಸಂದೂಕವನ್ನೇ ಕಡಿದು ತೆಗೆಯಲು ನೋಡಿದ. ಆದರೆ ಕೊಡಲಿ ಸಿಕ್ಕಿಬಿತ್ತು. ಅವನು ಜಗ್ಗಿದ, ಬರಲಿಲ್ಲ. ಕಾಲು ಕೊಟ್ಟು ಜಗ್ಗಿದ. ಅಷ್ಟು ಹೊತ್ತಿನಲ್ಲಿ ಅವ್ವ ತಾನಾಗಿ ಕೆಳಗಿಳಿದಳು.

ಇಳಿದವಳು ತಲೆಯಿಂದ ಅಪ್ಪನ ಎದೆಗೆ ಗುದ್ದಿದಳು. ಅವನು ಬಾಜಿನ ಮೇಲೆ ಬಿದ್ದು, ಅದರ ಕಾಲು ಮುರಿದು, ನೆಲಕ್ಕೆ ಉರುಳಿದ. ಬಾಯಿ ಒಡೆದು ರಕ್ತ ಬಂತು. ಅವ್ವ ಕೊಡಲಿಯ ಕಾವನ್ನು ಹಿಡಿದು ಮೇಲಕ್ಕೂ ಕೆಳಕ್ಕೂ ಅಲುಗಿಸಿದಳು, ರುಬ್ಬುವ ಗುಂಡು ತಿರುವುವ ಹಾಗೆ, ಅವಸರವಿಲ್ಲದೆ. ಅದು ಕಿತ್ತುಬಂತು. ಅವಳು ತಿರುಗಿದಳು. ಅಪ್ಪ ತಮ್ಮನನ್ನು ನೋಡಿದ. ಕಾಕಾ ಹಗ್ಗ ಬಿಟ್ಟು ಅಂಗಳಕ್ಕೆ ಹಾರಿದ. ಅವ್ವ ಕೊಡಲಿ ಎತ್ತಿದಳು. ಆಗ ಅಪ್ಪ ಮಾಡಿದ್ದನ್ನು ನಾನು ಸುಳ್ಳೆಂದು ಎಷ್ಟೋ ಸಲ ಅಂದುಕೊಂಡಿದ್ದೇನೆ, ಆದರೆ ಇದರಲ್ಲಿ ಅಣ್ಣನಿಗೂ ನನಗೂ ಭೇದವಿಲ್ಲ. ಅಪ್ಪ ಅಂಬೆಗಾಲಿನಲ್ಲಿ ನೆಲದ ಮೇಲೆ ಸರಿದು, ಸಂದೂಕ ಹತ್ತಿ ಕೂತ. ಕೂತು ಅಂಗಿ ಸರಿಮಾಡಿಕೊಂಡ. ಅವ್ವನನ್ನು ನೋಡಿದ.

ಸಂದೂಕದ ಮೇಲೆ ಕೂತವರನ್ನು ಹೊಡೆಯುವಂತಿಲ್ಲ. ಅವ್ವ ನಿಂತಳು ಎಂದು ನನ್ನ ನೆನಪು. ಕೊಡಲಿ ಎತ್ತಿದ ಕೈಯಲ್ಲೇ ಬಹಳ ಹೊತ್ತು ನಿಂತು, ಆಮೇಲೆ ಇಳಿಸಿದಳು. ಹೀಗೆಯೇ ನಾನು ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. ಅವ್ವ ಎಂಥವಳು ಎಂಬುದನ್ನು ಈ ಚಿತ್ರದಿಂದಲೇ ಕಟ್ಟಿಕೊಂಡಿದ್ದೇನೆ, ನಾನು ಎಂಥವಳಾಗಬೇಕು ಎಂಬುದನ್ನೂ. ಅಣ್ಣ ಮಾತ್ರ ಬೇರೆ ಹೇಳುತ್ತಾನೆ. ಅವ್ವ ನಿಲ್ಲಲಿಲ್ಲ, ಹೊಡೆದಳು, ಅಪ್ಪನ ತೊಡೆಯ ಪಕ್ಕಕ್ಕೇ ಹೊಡೆದಳು ಎನ್ನುತ್ತಾನೆ. ನೀನು ಮುಖ ಮುಚ್ಚಿಕೊಂಡಿದ್ದೆ, ನಿನಗೇನು ಗೊತ್ತು ಎನ್ನುತ್ತಾನೆ. ತನ್ನ ಎಲುಬು ಮುರಿದವನ ಮೇಲೆ ಅಣ್ಣನೇ ಮನಸ್ಸಿನಲ್ಲಿ ಬೀಸಿದ ಏಟು ಅದು ಎಂದು ನಾನು ಒಳಗೊಳಗೇ ನಿರ್ಧರಿಸಿಬಿಟ್ಟಿದ್ದೆ.

ಮುಂದಿನದರಲ್ಲಿ ಮತ್ತೆ ನಾವಿಬ್ಬರೂ ಒಂದೇ. ಅವ್ವ ಕೊಡಲಿಯನ್ನು ಒಲೆಯ ಪಕ್ಕದ ಗೋಡೆಗೆ ಆನಿಸಿಟ್ಟು ರೊಟ್ಟಿ ಬಡಿಯತೊಡಗಿದಳು. ಕಾಕಾನ ಟ್ರ್ಯಾಕ್ಟರ್ ಖಾಲಿ ಟ್ರಾಲಿ ಎಳೆದುಕೊಂಡು ಹೋದ ಸದ್ದು ಕೇಳಿಸಿತು. ರೊಟ್ಟಿ ಬಡಿಯುವ ಸದ್ದು ನಿಂತಾಗೆಲ್ಲ ಅಪ್ಪ ಅಡುಗೆಮನೆಯ ಕಡೆ ನೋಡುತ್ತಿದ್ದ. ಅವ್ವ ಒಂದು ರೊಟ್ಟಿ, ಶೇಂಗಾ ಹಿಂಡಿ ತಾಟಿಗೆ ಹಾಕಿ ನನ್ನ ಕೈಗೆ ಕೊಟ್ಟಳು.

“ನಿಮ್ಮಪ್ಪಗ ಅಲ್ಲೇ ಕೊಡು. ಇಳೀಬ್ಯಾಡ್ರಿ ಅಂತ ಹೇಳು.”

ನಾನು ಹೇಳಿದೆ. ಅಪ್ಪ ಇಳಿಯಲಿಲ್ಲ. ರೊಟ್ಟಿಯ ಅಂಚು ಮುರಿದು ನೋಡದೆ ತಿಂದ. ಸಂಜೆ ದೀಪ ಹಚ್ಚುವವರೆಗೂ ಅಲ್ಲೇ ಇದ್ದ. ಅವನು ಇಳಿದ ಕೂಡಲೇ ಅವ್ವ ಮುಚ್ಚಳದ ಮೇಲೆ ದುಪ್ಪಟಿ ಹಾಸಿದಳು. ಕಾಕಾನ ಹೆಂಡತಿ ಸಂದೂಕದ ಮೇಲೆ ಕೂಡದೆಯೇ ಸೊಸೆಯಾದಳು. ಎಕಂಬಾದ ಆ ಮನೆಯಲ್ಲಿ ಅವಳ ಮೇಲೆ ಏನೇನು ಬಿತ್ತು ಎಂದು ನಾನು ಎಂದೂ ಕೇಳಲಿಲ್ಲ, ಅವ್ವ ಕೇಳಿದ್ದಳೋ ತಿಳಿಯದು. ಕೆಲವೇ ದಿನಗಳಲ್ಲಿ ಅವ್ವ ಓಣಿಯ ಬಡಿಗನನ್ನು ಕರೆಸಿ ಮುಚ್ಚಳದ ಮೇಲೆ ಕಪ್ಪು ರೆಕ್ಸಿನ್ ಬಿಗಿದು ಸುತ್ತಲೂ ಮೊಳೆ ಹೊಡೆಸಿದಳು. ಅವಳು ಮತ್ತೆ ಅದರ ಮೇಲೆ ಕೂಡಲಿಲ್ಲ. ಅಪ್ಪ ಆಮೇಲೆ ಹೊಡೆದದ್ದು ನನಗೆ ನೆನಪಿಲ್ಲ. ಒಂದೆರಡು ಸಲ ಬೆಲ್ಟು ಎತ್ತಿದ್ದ ಎಂದು ಅಣ್ಣ ಹೇಳುತ್ತಾನೆ. ಅವ್ವನ ದನಿ ಸ್ವಲ್ಪ ಏರಿದರೆ ಸಾಕು, ಅಪ್ಪ ಪೇಪರು ಹಿಡಿದುಕೊಂಡು ಹೋಗಿ ಸಂದೂಕದ ಮೇಲೆ ಕೂಡುತ್ತಿದ್ದ. ಮುದುಕನಾಗುವವರೆಗೂ ಹಾಗೆಯೇ. ಕಂಪೌಂಡರ್ ಸಾಹೇಬರಿಗೆ ಆ ಜಾಗ ಬಹಳ ಇಷ್ಟ ಎಂದು ಮನೆಗೆ ಬಂದವರು ಹೇಳುತ್ತಿದ್ದರು.

ಸಂದೂಕ ಒಯ್ಯಲು ಆನಂದ ತಾನೇ ಮೈಲೂರಿಗೆ ಬಂದ. ಕೊಡುವುದಿಲ್ಲ ಎಂದು ಹೇಳಲು ನಾನು ಮಾತು ಜೋಡಿಸಿಕೊಂಡಿದ್ದೆ. ಅವನು ಹಾಸಿಗೆಗಳನ್ನು ಇಳಿಸಿ, ರೆಕ್ಸಿನ್ ಅಲ್ಲಲ್ಲಿ ಸೀಳಿದ್ದನ್ನು ಕಂಡು, ತೆಗೆದು ಪಾಲಿಶ್ ಮಾಡಿಸೋಣ ಎಂದು ನನ್ನನ್ನು ಕೇಳದೆಯೇ ಇಕ್ಕಳದಿಂದ ಮೊಳೆ ಕೀಳತೊಡಗಿದ. ತುಕ್ಕು ಹಿಡಿದ ಮೊಳೆಗಳು ಪುಡಿಪುಡಿಯಾಗಿ ಬಂದವು. ರೆಕ್ಸಿನ್ ಎತ್ತಿದ. ಅಪ್ಪನ ಕೊಡಲಿಯ ಗಾಯ ನನಗೆ ನೆನಪಿದ್ದ ಜಾಗದಲ್ಲೇ ಇತ್ತು, ಎಡಗಡೆ, ಬಾಗಿಲ ಕಡೆಯಿಂದ ಒಳಕ್ಕೆ ಓರೆಯಾಗಿ. ಅದರ ಬಲಕ್ಕೆ, ಒಬ್ಬರು ಕೂಡುವಷ್ಟು ಜಾಗ ಬಿಟ್ಟು, ಇನ್ನೊಂದು ಗಾಯ ಇತ್ತು. ಅದು ಇನ್ನೂ ಆಳ. ಅದರ ಓರೆ ಎದುರು ದಿಕ್ಕಿನಿಂದ, ಬಾಜು ಬಿದ್ದಿದ್ದ ಕಡೆಯಿಂದ ಬಂದಿತ್ತು.

“ಅತ್ತೀ, ಇದೇನಿದು? ಹಡಗನ್ಯಾಗ ಆಗಿದ್ದೇನು?”

ನಾನು ಎರಡು ಗಾಯಗಳ ನಡುವೆ ಕೂತು ನೋಡಿದೆ. ಮೈ ಸರಿಯಾಗಿ ಹಿಡಿಸಿತು. ಎರಡನೆಯ ಏಟು ಅಪ್ಪನೇ ಬೇರೊಂದು ದಿನ ಹೊಡೆದದ್ದು ಇರಬಹುದು. ಬಡಿಗನ ಉಳಿ ಜಾರಿದ್ದಿರಬಹುದು. ಕಟ್ಟಿಗೆ ಸಾಕ್ಷಿ ಹೇಳುತ್ತದೆ, ಹೆಸರು ಹೇಳುವುದಿಲ್ಲ. ಆದರೆ ಕೊಡಲಿಯ ಆ ದಿನ ಅಡುಗೆಮನೆಯ ಬಾಗಿಲಲ್ಲಿ ನನ್ನ ಕಣ್ಣಿನ ಮೇಲೆ ನನ್ನದೇ ಅಂಗೈಗಳ ಬಿಸಿ ಇದ್ದದ್ದು ಈಗ ನೆನಪಾಗತೊಡಗಿದೆ. ಇದು ನಿಜವಾದ ನೆನಪೋ, ಗಾಯ ನೋಡಿದ ಮೇಲೆ ಹುಟ್ಟಿಕೊಂಡದ್ದೋ, ಇನ್ನು ನನಗೆ ಎಂದೂ ತಿಳಿಯಲಾರದು. ಒಯ್ಯಿ, ಆದರೆ ಪಾಲಿಶ್ ಮಾಡಿಸಬೇಡ, ಮೇಲೆ ಬಟ್ಟೆ ಹಾಸಬೇಡ ಎಂದು ಆನಂದನಿಗೆ ಹೇಳಿದೆ.

ಔರಾದಿನಲ್ಲಿ ಸೊಸೆಯನ್ನು ಒಳಗೆ ಕರೆದಾಗ ಅಣ್ಣ ಸಕ್ಕರೆಯ ಬಟ್ಟಲು ಹಿಡಿದು ನಿಂತಿದ್ದ. ಸುತ್ತಲೂ ಕಮಠಾಣದ ಬೀಗರು. ಅಣ್ಣ ನಮ್ಮ ಮನೆಯ ರೀತಿಯನ್ನು ವಿವರಿಸಿದ. ಹುಡುಗಿಯ ತಾಯಿ ಆಗಲೇ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಹುಡುಗಿ ಕೂಡಲಿಲ್ಲ. ಬಗ್ಗಿ ಮುಚ್ಚಳವನ್ನು ನೋಡಿದಳು. ದಿನವೂ ಗಾಯ ನೋಡುವ ಕೆಲಸದವಳು.

“ಮಾವಾರ, ಇವು ಕೊಡಲಿ ಏಟಲ್ಲೇನ್ರಿ? ಯಾರು ಹೊಡದದ್ದು?”

ಒಂದು ನಮ್ಮಪ್ಪನದು ಎಂದು ಅಣ್ಣ ಮೆಲ್ಲಗೆ ಹೇಳಿದ.

“ಇನ್ನೊಂದು?”

ಅಣ್ಣ ನನ್ನ ಕಡೆ ನೋಡಿದ. ಇಷ್ಟು ವರ್ಷ ಅವನು ಹೇಳಿದ್ದನ್ನು ನಾನೇ ಸುಳ್ಳು ಮಾಡುತ್ತ ಬಂದವಳು. ಅಷ್ಟು ಜನರೆದುರು ಆ ಮಾತನ್ನು ಅವನು ತಾನಾಗಿ ಹೇಳಲಾರ. ನಾನು ಕಂಡಿಲ್ಲ. ಕಂಡಿದ್ದೇನೆ ಎಂದು ಆಣೆ ಮಾಡಲಾರೆ.

“ನಮ್ಮವ್ವಂದು” ಎಂದೆ.

ಹುಡುಗಿ ಆ ಗಾಯದೊಳಗೆ ಬೆರಳಿಟ್ಟು ಅದರ ಆಳ ನೋಡಿದಳು. ಆಮೇಲೆ ನೆಟ್ಟಗೆ ನಿಂತು, ಅಣ್ಣನ ಕೈಯಿಂದ ಸಕ್ಕರೆಯ ಬಟ್ಟಲು ತೆಗೆದುಕೊಂಡು ಸಂದೂಕದ ಮೇಲಿಟ್ಟು, ಪಕ್ಕದಲ್ಲಿದ್ದ ಕುರ್ಚಿ ಎಳೆದುಕೊಂಡು ಕೂತಳು.